ತೀರ್ಥಹಳ್ಳಿ ಮಳೆಗೆ ಯಾವ ಫಿಟ್ನೆಸ್ ಬ್ಯಾಂಡ್ ತಗೊಳ್ಳಬೇಕು?

ಹೋದ ವರ್ಷ ಡಾಕ್ಟರು ಶುಗರ್ ಗಡಿ ಹತ್ತಿರ ಬಂದಿದೆ, ದಿನಾ ನಡೆಯಿರಿ ಅಂದರು. ತೋಟ ಇರುವವರು ನಡೆಯದೆ ಇರುತ್ತೇವಾ ಅಂತ ನನ್ನ ವಾದ. ಲೆಕ್ಕ ತೋರಿಸಿಯೇಬಿಡೋಣ ಅಂತ ಶಿವಮೊಗ್ಗದ ಒಂದು ಅಂಗಡಿಯಲ್ಲಿ 2,300 ರೂಪಾಯಿ ಕೊಟ್ಟು ಬ್ಯಾಂಡ್ ತಗೊಂಡೆ.

ಲೆಕ್ಕ ಬಂತು, ಆದರೆ ಎಂತ ಲೆಕ್ಕ ಮಾರಾಯ್ರೆ! ಕೊಯ್ಲಿನ ಸಮಯ, ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಕೂತವನು ಎರಡು ಗಂಟೆ ಎದ್ದಿಲ್ಲ, ಕಾಲು ಜೋಮು ಹಿಡಿದಿತ್ತು, ಬ್ಯಾಂಡ್ ನೋಡಿದರೆ ಮೂರು ಸಾವಿರ ಹೆಜ್ಜೆ ಜಾಸ್ತಿಯಾಗಿ ಶಹಬ್ಬಾಸ್ ಅಂತ ಪಟಾಕಿ ಹಾರಿಸುತ್ತಿದೆ. ಮಾರನೇ ದಿನ ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು, ಎರಡೂ ಕೈಯಲ್ಲಿ ಹಿಡಿದು ನಾಲ್ಕು ಸಲ ಇಳಿದೆ. ಅದಕ್ಕೆ ಅರ್ಧ ಲೆಕ್ಕವೂ ಇಲ್ಲ. ಅದು ನೋಡುವುದು ಕೈಯ ಬೀಸನ್ನು, ಕಾಲನ್ನಲ್ಲ. ಬ್ಯಾಂಡ್ ತೋರಿಸುವ ದಿನಕ್ಕೆ 10,000 ಹೆಜ್ಜೆಯ ಗುರಿಯೂ ಡಾಕ್ಟರು ಬರೆದುಕೊಟ್ಟಿದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು.

ಇದನ್ನೆಲ್ಲ ಸಹಿಸಿಕೊಂಡೆ. ಆಮೇಲೆ ಜೂನ್ ಬಂತು.

ಮಳೆ ಹನಿ ಬಿದ್ದರೆ ಟಚ್ ಸ್ಕ್ರೀನ್‌ಗೆ ಬೆರಳು ಮುಟ್ಟಿದ ಹಾಗೆಯೇ. ನಡಿಗೆ ಶುರು ಮಾಡಿ ಗೇಟು ದಾಟುವುದರೊಳಗೆ ಮಳೆಯೇ ಅದನ್ನು ನಿಲ್ಲಿಸಿರುತ್ತಿತ್ತು. ಒಂದ್ಸಲ ಬೆಳಗಿನ ಜಾವ ಮೂರಕ್ಕೆ ಅಲಾರಂ ಬೇರೆ ಇಟ್ಟಿತ್ತು. ಸಿಲಿಕೋನ್ ಪಟ್ಟಿಯ ಅಡಿ ನೀರು ನಿಂತು ಮಣಿಕಟ್ಟೆಲ್ಲ ಕೆಂಪು ಗುಳ್ಳೆ. ಬಟ್ಟೆ ಪಟ್ಟಿ ಹಾಕಿದರೆ ನಮ್ಮ ಮಳೆಗಾಲದಲ್ಲಿ ಅದು ಒಣಗಬೇಕಲ್ವಾ? ಒಲೆ ಮೇಲೆ ಒಣಗಿಸಿದೆ, ಕೈಗೆ ಹೊಗೆ ವಾಸನೆ.

ಪೆಟ್ಟಿಗೆ ಮೇಲೆ 5 ಎಟಿಎಂ ಅಂತ ಇತ್ತು. 50 ಮೀಟರ್ ಆಳದ ನೀರಿನ ಒತ್ತಡ ತಡೆಯುತ್ತದೆ ಅಂತ ಅರ್ಥ, ಅದೂ ಪರೀಕ್ಷೆಯಲ್ಲಿ, ಅಲ್ಲಾಡದ ನೀರಿನಲ್ಲಿ. ಹಂಡೆಯ ಬಿಸಿನೀರಿಗೂ ಸೋಪಿಗೂ ಆ ಮಾತು ಸಲ್ಲುವುದಿಲ್ಲ. ನಾನು ಬಚ್ಚಲಲ್ಲೂ ಬಿಚ್ಚಲಿಲ್ಲ, ಆಗಸ್ಟ್‌ನಲ್ಲಿ ಗಾಜಿನೊಳಗೆ ಮಂಜು ಕೂತಿತು. ನೀರು ಹೋದದ್ದು ವಾರಂಟಿಗೆ ಬರಲ್ಲ ಅಂದರು ಅಂಗಡಿಯವರು. ಪೆಟ್ಟಿಗೆ ಮೇಲಿದ್ದ ಈಜುವವನ ಚಿತ್ರ ತೋರಿಸಿದೆ. ಅವರೂ ನೋಡಿದರು, ಅಷ್ಟೇ.

ಈಗ ಕೈಯಲ್ಲಿರುವುದು ಭಾವ ಬಳಸಿ ಬಿಟ್ಟ ಗಾರ್ಮಿನ್ ಫೋರ್‌ರನ್ನರ್ 55 ವಾಚು. ನೋಡಲು ಸಪ್ಪೆ, ಪರದೆ ಸಣ್ಣದು, ಟಚ್ ಇಲ್ಲವೇ ಇಲ್ಲ, ಐದು ಬಟನ್. ಆ ಬಟನ್‌ಗಾಗಿಯೇ ನನಗೆ ಇಷ್ಟ. ಜಡಿಮಳೆಯಲ್ಲಿ ಒದ್ದೆ ಬೆರಳಿನಿಂದ ಒತ್ತಿದರೂ ಕೇಳುತ್ತದೆ. ಜಿಪಿಎಸ್ ಒಳಗೇ ಇದೆ, ಕೊಡಚಾದ್ರಿ ಹತ್ತುವಾಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ್ದೆ, ನೆಟ್‌ವರ್ಕೂ ಇರಲಿಲ್ಲ, ಆದರೂ ದಾರಿ ಪೂರ್ತಿ ಬರೆದಿಟ್ಟಿತ್ತು. ಬ್ಯಾಟರಿ ಎರಡು ವಾರ ಅನ್ನುತ್ತಾರೆ, ದಿನಾ ಒಂದು ಗಂಟೆ ಜಿಪಿಎಸ್ ಹಾಕುವ ನನಗೆ ಒಂದು ವಾರ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೂ ಚಿಂತೆಯಿಲ್ಲ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇಲ್ಲ, ಎಷ್ಟು ಮಹಡಿ ಹತ್ತಿದಿರಿ ಅಂತ ಇದು ಹೇಳುವುದಿಲ್ಲ. ಗುಡ್ಡ ಹತ್ತಿದ ಲೆಕ್ಕ ಬೇಕಿದ್ದವರು ಅದಿರುವ ವಾಚನ್ನೇ ಕೇಳಿ. ಹೃದಯ ಬಡಿತ ಸರಿಯಾಗಿ ಬರಬೇಕಾದರೆ ಹತ್ತುವ ಮೊದಲು ಪಟ್ಟಿ ಒಂದು ತೂತು ಬಿಗಿ ಮಾಡಿ, ಸಡಿಲವಿದ್ದರೆ ಬಡಿತ ಅಳೆಯಲು ವಾಚಿನ ಅಡಿಯಿಂದ ಬರುವ ಹಸಿರು ಬೆಳಕು ಚರ್ಮಕ್ಕೆ ನೆಟ್ಟಗೆ ತಾಗದೆ ಏನೇನೋ ಸಂಖ್ಯೆ ತೋರಿಸುತ್ತದೆ.

ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ ಬೆಳಗ್ಗೆ ನಾಲ್ಕು ಸುತ್ತು ಹಾಕುವವರು ಸುಮ್ನೆ ಇಂಥ ವಾಚಿಗೆ ಖರ್ಚು ಮಾಡಬೇಡಿ, ಎರಡು ಸಾವಿರದ ಬ್ಯಾಂಡ್ ಸಾಕು. ಸ್ನಾನಕ್ಕೆ ಬಿಚ್ಚಿಡಿ. ನಾನಂತೂ ಸುಲಿಯಲು ಕೂತಾಗಲೂ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕುತ್ತೇನೆ.