ಗಿಲ್ಡ್ ಜಿ-37: ಬೆನ್ನುಬ್ಬಿದ ಹಳೇ ಮೇಪಲ್ ಗಿಟಾರ್

ಮಡಿಕೇರಿಯಲ್ಲಿ ನೆಂಟರೊಬ್ಬರಿಂದ ಕೊಂಡ, ಅಮೆರಿಕದ ಗಿಲ್ಡ್ ಕಂಪನಿಯ ಗಿಟಾರ್ ಇದು. ಗುರುತು ಹಿಡಿಯಲು ತಿರುಗಿಸಿ ನೋಡಿ ಸಾಕು: ಬೆನ್ನು ಚಪ್ಪಟೆ ಇಲ್ಲ, ನಡುವೆ ಉಬ್ಬಿದೆ. ಮುಂಭಾಗದ ದುಂಡು ರಂಧ್ರದೊಳಗೆ (ಸೌಂಡ್‌ಹೋಲ್) ಟಾರ್ಚ್ ಬಿಟ್ಟರೆ ಬೆನ್ನನ್ನು ಬಿಗಿಹಿಡಿಯುವ ಅಡ್ಡಪಟ್ಟಿಗಳೇ ಕಾಣುವುದಿಲ್ಲ. ಮೇಪಲ್ ಮರದ ತೆಳು ಪದರಗಳನ್ನು ಅಂಟಿಸಿ, ಒತ್ತಿ ಬಾಗಿಸಿರುವುದರಿಂದ ಅವು ಬೇಕೇ ಇಲ್ಲ. ಲೇಬಲ್‌ನಲ್ಲಿ ವೆಸ್ಟರ್ಲಿ, ರೋಡ್ ಐಲೆಂಡ್ ಅಂತಿದೆ. ಗಿಲ್ಡ್‌ನ ಅಲ್ಲಿನ ಕಾರ್ಖಾನೆ 2001ರಲ್ಲಿ ಮುಚ್ಚಿತು.

ಪ್ಲೈವುಡ್ ಅಂತ ಮೂಗು ಮುರಿಯುವವರು ಒಮ್ಮೆ ಜಿ ಕಾರ್ಡ್ ಬಾರಿಸಲಿ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಜೋರಾಗಿ ಬಾರಿಸಿದರೂ ಕಲಸಿಹೋಗುವುದಿಲ್ಲ. ಎಷ್ಟು ಚೆಂದ ಅಲ್ವಾ! ರೋಸ್‌ವುಡ್ ಗಿಟಾರ್‌ನ ಗುಂಯ್ ಎನ್ನುವ ಬೇಸ್ ಬೇಕಿದ್ದವರಿಗೆ ಇದಲ್ಲ. ತೂಕವೂ ಜಾಸ್ತಿ.

ಕೊಡಗಿನ ಮಳೆಗಾಲದಲ್ಲಿ ಸ್ಪ್ರೂಸ್ ಮರದ ಮುಂಭಾಗ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಜೂನ್‌ನಿಂದಲೇ ಸಿಲಿಕಾ ಜೆಲ್ ಹಾಕಿ ಕೇಸಿನಲ್ಲಿಡಿ. ಗೋಡೆಗೆ ಮಾತ್ರ ನೇತು ಹಾಕಬೇಡಿ.