ಗೆಳೆಯರ ಜೊತೆ ಗೇಮ್ ಹಂಚಿಕೊಳ್ಳೋಕೆ ಯಾವ ಕನ್ಸೋಲ್ ತಗೋಬೇಕು?

ತುಮಕೂರಲ್ಲಿ ನನ್ನ ಮನೆ ಅಶೋಕನಗರ, ಗೆಳೆಯನದು ಕ್ಯಾತ್ಸಂದ್ರ. ಇಬ್ಬರದೂ ಪ್ಲೇಸ್ಟೇಷನ್ 5, ಡಿಸ್ಕ್ ಹಾಕುವಂಥದ್ದು. ಒಬ್ಬರು ಗೇಮ್ ಕೊಂಡರೆ ಸಾಕು, ಆಡಿ ಮುಗಿಸಿದ ಮೇಲೆ ಡಿಸ್ಕ್ ಗಾಡಿ ಹತ್ತಿ ಇನ್ನೊಂದು ಮನೆಗೆ ಹೋಗುತ್ತೆ. ಇಬ್ಬರಿಗೂ ಸಾಕಾದರೆ ಮಾರಿಬಿಡಬಹುದು. ಹೊಸ ಗೇಮಿಗೆ ನಾಲ್ಕೈದು ಸಾವಿರ ಕೊಡುವಾಗ ಇದು ಸಣ್ಣ ಉಳಿತಾಯವಲ್ಲ. ಅಗ್ಗ ಅಂತ ಡಿಜಿಟಲ್ ಮಾದರಿ ತಂದರೆ ಡಿಸ್ಕ್ ತೂರಿಸೋಕೆ ಜಾಗವೇ ಇರಲ್ಲ. ಪ್ಲೇಸ್ಟೇಷನ್‌ನಲ್ಲಿ ಶೇರ್ ಪ್ಲೇ ಕೂಡ ಇದೆ: ಗೇಮ್ ಇಲ್ಲದ ಗೆಳೆಯನ ಕೈಗೆ ನಿಮ್ಮ ಆಟವನ್ನು ದೂರದಿಂದಲೇ ಕೊಡಬಹುದು, ಒಂದು ಸಲಕ್ಕೆ 60 ನಿಮಿಷ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವೇ ಇಲ್ಲ. ಅಲ್ಲಿರುವುದು 'ಹೋಮ್ ಎಕ್ಸ್‌ಬಾಕ್ಸ್'. ಹಾಗೆ ಗುರುತಿಸಿದ ಪೆಟ್ಟಿಗೆಯಲ್ಲಿ ನಿಮ್ಮ ಡಿಜಿಟಲ್ ಗೇಮನ್ನು, ಅಂದರೆ ಡಿಸ್ಕ್ ಇಲ್ಲದೆ ಡೌನ್‌ಲೋಡ್ ಮಾಡಿಕೊಂಡದ್ದನ್ನು, ಬೇರೆ ಖಾತೆಯವರೂ ಆಡಬಹುದು. ಈ ಗುರುತನ್ನು ವರ್ಷಕ್ಕೆ 5 ಸಲವಷ್ಟೇ ಬದಲಾಯಿಸಬಹುದು. ಅಣ್ಣ ತಮ್ಮಂದಿರ ಮನೆಗೆ ಇದು ಚೆನ್ನ. ಆದರೆ ಗೆಳೆಯರ ಪೆಟ್ಟಿಗೆಯನ್ನು ಹಾಗೆ ಗುರುತಿಸೋಕೆ ಅಂತ ನಿಮ್ಮ ಖಾತೆಯ ಪಾಸ್‌ವರ್ಡ್ ಅವರಿಗೆ ಕೊಡಬೇಡಿ, ಆ ಖಾತೆಗೆ ನಿಮ್ಮ ಬ್ಯಾಂಕ್ ಕಾರ್ಡೂ ಅಂಟಿಕೊಂಡಿರುತ್ತೆ.

ನಿಂಟೆಂಡೊ ಸ್ವಿಚ್‌ನಲ್ಲಿ 2025ರಿಂದ ಡಿಜಿಟಲ್ ಗೇಮನ್ನೂ ಎರಡು ವಾರ ಎರವಲು ಕೊಡಬಹುದು, ಆದರೆ 8 ಜನರ ಕುಟುಂಬ ಗುಂಪಿನೊಳಗೆ ಮಾತ್ರ.

ಕನ್ಸೋಲ್ ಬೇರೆ ಬೇರೆಯಾದರೆ ಎರವಲು ಮರೆತುಬಿಡಿ. ಪ್ಲೇಸ್ಟೇಷನ್ ಡಿಸ್ಕ್ ಎಕ್ಸ್‌ಬಾಕ್ಸ್‌ನಲ್ಲಿ ಓಡಲ್ಲ. ಜೊತೆಗೆ ಆಡೋದಕ್ಕೇನೂ ಅಡ್ಡಿಯಿಲ್ಲ: ಫೋರ್ಟ್‌ನೈಟ್, ರಾಕೆಟ್ ಲೀಗ್ ಎರಡೂ ಉಚಿತ, ಮೂರೂ ಕನ್ಸೋಲ್‌ನವರು ಒಟ್ಟಿಗೆ ಸೇರಬಹುದು. ಮೈನ್‌ಕ್ರಾಫ್ಟ್ ಆದರೆ ಪ್ರತಿಯೊಬ್ಬರೂ ಕೊಳ್ಳಬೇಕು. ನನ್ನ ಕೇಳಿದರೆ, ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬೀದಿಯ ಗೆಳೆಯರ ಹತ್ತಿರ ಏನಿದೆ ಅಂತ ವಿಚಾರಿಸಿ, ಅದನ್ನೇ ತನ್ನಿ.