ಕಾರ್ಬನ್, ಗ್ಲಾಸ್, ಬಿದಿರು: ಕಾರವಾರದ ಅಳಿವೆಯಲ್ಲಿ ಬಾಳುವ ಗಾಳದ ಕೋಲು ಯಾವುದು?

ಗಾಳದ ಕೋಲು ಕೊಳ್ಳುವವರು ಮೊದಲು ಕೇಳುವುದು ಕಾರ್ಬನ್ನೋ ಗ್ಲಾಸೋ ಎಂದು. ನಮ್ಮ ಕರಾವಳಿಯ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಉಪ್ಪುನೀರಿನಲ್ಲಿ ಕೋಲು ಸೋಲುವುದು ಹೆಚ್ಚಾಗಿ ಮೂರು ಕಡೆ: ದಾರ ಹಾಯುವ ಬಳೆಗಳು, ತುಂಡುಗಳು ಕೂಡುವ ಸಂದು, ರೀಲು ಕೂರುವ ಜಾಗ. ದೇವಬಾಗದ ಮರಳು, ಸದಾಶಿವಗಡದ ಬಳಿಯ ಕಾಳಿ ಅಳಿವೆ, ತದಡಿಯ ದಡ ಮೂರರಲ್ಲೂ ಬಳಸಿ ನೋಡಿದ ಕೋಲುಗಳ ಹೋಲಿಕೆ ಇದು.

ಕಾರ್ಬನ್ ನಾರು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕದಲ್ಲೂ ಹಗುರ. 12 ಅಡಿಯ ಕಾರ್ಬನ್ ಕೋಲಿನಲ್ಲಿ 100 ಗ್ರಾಂ ಸೀಸ ಬೀಸಿದರೆ ಅಲೆಯ ಮೊದಲ ಸಾಲನ್ನು ದಾಟಿಸುವುದು ಸಲೀಸು, ಮೀನು ಮುಟ್ಟಿದ್ದು ಕೈಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಗಾಜಿನ ನಾರು ಹರಿಯುವ ಮೊದಲು ಶೇಕಡ 4ಕ್ಕೂ ಹೆಚ್ಚು ಹಿಗ್ಗುತ್ತದೆ, ಕಾರ್ಬನ್ ಸುಮಾರು 2ಕ್ಕೇ ಕೈಬಿಡುತ್ತದೆ. ಬಂಡೆಗೆ ತಾಗಿಯೋ ಸೀಸದ ಗುಂಡು ಬಡಿದೋ ಕಾರ್ಬನ್ ಮೇಲೆ ಬಿದ್ದ ಸಣ್ಣ ಪೆಟ್ಟು ಅಂದು ಏನೂ ಮಾಡದು. ವಾರಗಳ ನಂತರ ದೊಡ್ಡ ಮೀನು ಎಳೆಯುವಾಗ ಅದೇ ಜಾಗದಲ್ಲಿ ಫಟ್ಟನೆ ತುಂಡಾಗುತ್ತದೆ. ನೋಡಿದವರಿಗೆ ಕೋಲೇ ಕಳಪೆ ಅನ್ನಿಸುತ್ತದೆ, ಕಾರಣ ಹಳೆಯ ಪೆಟ್ಟು. ಮೀನನ್ನು ಕಾಲ ಬುಡಕ್ಕೆ ತಂದು ಕೋಲನ್ನು ನೆಟ್ಟಗೆ ಮೇಲೆತ್ತುವುದು ಇನ್ನೊಂದು ದೊಡ್ಡ ಕಾರಣ. ಆಗ ಭಾರವೆಲ್ಲ ತೆಳ್ಳಗಿನ ತುದಿಯ ಮೇಲೆ ಬೀಳುತ್ತದೆ. ಕೊನೆಯ ಹಂತದಲ್ಲಿ ಹಿಂದೆ ಸರಿದು ಮೀನನ್ನು ಮರಳಿಗೆ ಎಳೆಯಬೇಕು, ಜೆಟ್ಟಿಯ ಮೇಲಾದರೆ ಕೈಬಲೆ ಬೇಕೇಬೇಕು.

ಗ್ಲಾಸ್ ಕೋಲು ಭಾರ, ಮೆದು. ಅರ್ಧ ದಿನ ಹಿಡಿದರೆ ಮಣಿಕಟ್ಟು ನೋಯುತ್ತದೆ, ದೂರವೂ ಸ್ವಲ್ಪ ಕಡಿಮೆ. ಆದರೆ ಬಂಡೆಯ ಮೇಲೆ ಬಿದ್ದರೂ ದೋಣಿಯ ಅಂಚಿಗೆ ಬಡಿದರೂ ಸಹಿಸುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನೊಳಗೆ ನುಗ್ಗುವ ಕೆಂಬೇರಿ ಮೀನನ್ನು ತಡೆದು ನಿಲ್ಲಿಸಬೇಕಾದ ಕಡೆ 7 ಅಡಿಯ ದಪ್ಪ ಗ್ಲಾಸ್ ಕೋಲೇ ನಮ್ಮ ಆಯ್ಕೆ. ಮರಳ ದಂಡೆಗೆ ಎರಡೂ ನಾರು ಬೆರೆತ ಕಾಂಪೋಸಿಟ್ ಕೋಲು ಸಾಕು: 12 ಅಡಿ, ಎರಡೇ ತುಂಡು. ಕೋಲಿನ ಮೇಲೆ 60–120 ಗ್ರಾಂ ಎಂದು ಬರೆದಿದ್ದರೆ ಅದು ಸೀಸ, ಎರೆ ಎರಡೂ ಸೇರಿದ ತೂಕ. ಮೇಲಿನ ಮಿತಿಗಿಂತ 20 ಗ್ರಾಂ ಕೆಳಗೇ ಇದ್ದರೆ ಕೋಲಿನ ಆಯಸ್ಸು ಹೆಚ್ಚುತ್ತದೆ.

ತುಂಡುಗಳು ಒಂದರೊಳಗೊಂದು ಸರಿಯುವ ಟೆಲಿಸ್ಕೋಪಿಕ್ ಕೋಲನ್ನು ಬಸ್ಸಿನಲ್ಲಿ ಒಯ್ಯಲು ಅನುಕೂಲವೆಂದು ಬಹಳ ಜನ ಕೊಳ್ಳುತ್ತಾರೆ. ಮರಳಿರುವಲ್ಲಿ ಅದು ಬೇಡ. ಒಂದು ಚಿಟಿಕೆ ಮರಳು ಒಳಸೇರಿದರೆ ತುಂಡುಗಳು ಕಚ್ಚಿಕೊಂಡು ಬಣ್ಣ ಕೆರೆಯುತ್ತವೆ, ಒಳಗೆ ನಿಂತ ಉಪ್ಪುನೀರು ಒಣಗುವುದೇ ಇಲ್ಲ.

ಇನ್ನು ಸಂದು. ಬೀಸುವಾಗ ಕೋಲು ತುಸು ತಿರುಚಿಕೊಂಡು ಮೇಲಿನ ತುಂಡು ನಿಧಾನವಾಗಿ ಸಡಿಲವಾಗುತ್ತದೆ. ಸಡಿಲ ಸಂದಿನಲ್ಲಿ ಜೋರಾಗಿ ಬೀಸಿದರೆ ಹೊರಗಿನ ಕೊಳವೆಯ ಬಾಯಿ ಸೀಳುತ್ತದೆ. ಸಾಲ್ಮನ್ ಹಿಡಿಯಲು ಸ್ಪೇ ಶೈಲಿಯಲ್ಲಿ ಎರಡು ಕೈಯಿಂದ ಬೀಸುವ 12ರಿಂದ 15 ಅಡಿಯ ಫ್ಲೈ ರಾಡ್‌ಗಳಿಗೂ (ಹುಳದಂಥ ಹಗುರ ನಕಲಿ ಎರೆ ಬೀಸುವ ಕೋಲುಗಳಿಗೂ) ಇದೇ ಕಾಟ. ಸ್ಕಾಟ್ಲೆಂಡಿನ ಸ್ಪೇ ನದಿಯಿಂದ ಹೆಸರು ಪಡೆದ ಆ ಬೀಸಿನಲ್ಲಿ ತಿರುಚು ಇನ್ನೂ ಹೆಚ್ಚು, ಹಾಗಾಗಿ ಅದನ್ನು ಬಳಸುವವರು ಸಂದಿಗೆ ಟೇಪ್ ಸುತ್ತುತ್ತಾರೆ. ನಮ್ಮ ದಂಡೆಯ ಕೋಲಿಗೂ ಎರಡು ಸುತ್ತು ವಿದ್ಯುತ್ ಟೇಪ್ ಸಾಕು. ಸಂದಿನಲ್ಲಿ ಒಳಗೆ ಸೇರುವ ತುಂಡಿನ ತುದಿಗೆ ಮೇಣದಬತ್ತಿ ತೆಳುವಾಗಿ ಉಜ್ಜಬೇಕು, ಎಣ್ಣೆ ಹಚ್ಚಬಾರದು, ಅದಕ್ಕೆ ಮರಳು ಅಂಟುತ್ತದೆ. ಸಂದು ಕಚ್ಚಿಕೊಂಡರೆ ಇಕ್ಕಳ ಹಾಕಬೇಡಿ. ಇಬ್ಬರು ಎರಡು ಕಡೆ ಹಿಡಿದು, ತಿರುಚದೆ, ನೇರ ಎಳೆಯಿರಿ.

ಕೊಳ್ಳುವಾಗ ಹೆಚ್ಚು ಹೊತ್ತು ನೋಡಬೇಕಾದದ್ದು ಬಳೆಗಳನ್ನು. ಅಗ್ಗದ ಕೋಲಿನ ಬಳೆಯ ಲೋಹದ ಪಾದಕ್ಕೆ ಸುತ್ತಿದ ದಾರದಡಿ ಉಪ್ಪು ಸೇರಿ ತುಕ್ಕು ಹಿಡಿಯುತ್ತದೆ, ವಾರ್ನಿಷ್ ಕಂದಾಗಿ ಉಬ್ಬುತ್ತದೆ, ಕೊನೆಗೆ ಬಳೆಯೇ ಕಿತ್ತು ಬರುತ್ತದೆ. ಹೆಣೆದ ದಾರ ಬಳಸುವವರಿಗೆ ಬರೀ ಉಕ್ಕಿನ ಬಳೆ ಸಾಲದು, ದಾರ ಅದರಲ್ಲಿ ಗೀರು ಕೊರೆಯುತ್ತದೆ. ಅಲ್ಯುಮಿನಿಯಂ ಆಕ್ಸೈಡ್ ಬಳೆ ಕನಿಷ್ಠ, ಸಿಲಿಕಾನ್ ಕಾರ್ಬೈಡ್ ಉತ್ತಮ. ಒಂದು ಎಸಳು ಹತ್ತಿಯನ್ನು ಬಳೆಯೊಳಗೆ ಆಡಿಸಿ. ನಾರು ಸಿಕ್ಕಿಕೊಂಡರೆ ಬಿರುಕಿದೆ ಎಂದರ್ಥ. ಆ ಬಿರುಕು ಮುಂದೆ ಎಲ್ಲ ದಾರವನ್ನೂ ಕತ್ತರಿಸುತ್ತದೆ. ರೀಲು ಕೂರುವ ಜಾಗ ಅಲ್ಯುಮಿನಿಯಂ ಆಗಿದ್ದು ಕೋಲು ಕಾರ್ಬನ್ ಆಗಿದ್ದರೆ, ಎರಡೂ ತಾಗುವಲ್ಲಿ ಉಪ್ಪುನೀರು ಸೇರಿ ಅಲ್ಯುಮಿನಿಯಂ ಬೇಗ ಸವೆಯುತ್ತದೆ. ಹಿಡಿಕೆ ಫೋಮಿನದಾದರೆ ಒಳ್ಳೆಯದು, ಕಾರ್ಕ್ ನಮ್ಮ ಮಳೆಗಾಲದ ಬೂಷ್ಟಿಗೆ ಕಪ್ಪಾಗುತ್ತದೆ.

ಮನೆಗೆ ಬಂದ ಮೇಲೆ ತುಂಡು ಬಿಡಿಸಿ, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನಲ್ಲಿ ಜೋರಾಗಿ ಹೊಡೆದರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒದ್ದೆ ಚೀಲದಲ್ಲಿ ಮುಚ್ಚಿಡಬೇಡಿ.

ಬಿದಿರನ್ನು ಮರೆಯುವ ಹಾಗಿಲ್ಲ. ರೀಲು ಬೇಡದ, ದಡದಿಂದಲೇ ಸಣ್ಣ ಮೀನು ಹಿಡಿಯುವ ಕೆಲಸಕ್ಕೆ, ಹೆಚ್ಚು ಪೊಳ್ಳಿಲ್ಲದ ಮರಿಹಾಳ ಬಿದಿರಿನ 10 ಅಡಿ ಕೋಲು ಅಂಗಡಿಯ ಅಗ್ಗದ ರಾಡಿಗಿಂತ ಎಷ್ಟೋ ಮೇಲು. ಮೂರು ವರ್ಷ ಬಲಿತದ್ದನ್ನು ಮಳೆ ಮುಗಿದ ಮೇಲೆ ಕಡಿದು, ಎರಡು ಮೂರು ವಾರ ಹರಿವ ನೀರಿನಲ್ಲಿ ಮುಳುಗಿಸಿಡಬೇಕು. ಒಳಗಿನ ಪಿಷ್ಟ ತೊಳೆದುಹೋದರೆ ಕುಟ್ಟೆ ಹುಳದ ಕಾಟ ಕಡಿಮೆ. ಆಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ದಾರವನ್ನು ತುದಿಗೆ ಮಾತ್ರ ಕಟ್ಟದೆ ಬುಡದ ಕಡೆಗೂ ತಂದು ಬಿಗಿದರೆ, ತುದಿ ಮುರಿದರೂ ಮೀನು ಕೈತಪ್ಪುವುದಿಲ್ಲ.